ವುಹಾನ್‌ನ 65 ಗಂಟೆಗಳು

ವುಹಾನ್‌ಗೆ ಬಂದು ನೆಲೆಸಿದ ಮೇಲೆ, ಊರಿಂದ ಯಾರೇ ಬಂದರೂ ನಾನು ಮೊದಲು ಕರೆದುಕೊಂಡು ಹೋಗುವುದು ಹುಬೇ ಪ್ರಾಂತ್ಯದ ಮ್ಯೂಸಿಯಂಗೆ. ಅಲ್ಲಿ 65 ಕಂಚಿನ ಗಂಟೆಗಳಿವೆ. ಮೂರು ಸಾಲಾಗಿ ತೂಗುಹಾಕಿದ್ದಾರೆ. ಎಲ್ಲಕ್ಕಿಂತ ದೊಡ್ಡದರ ತೂಕ 200 ಕಿಲೋಗೂ ಜಾಸ್ತಿ. ಹಳೆಯ ಚೀನಾದ ಝೆಂಗ್ ಎಂಬ ಪುಟ್ಟ ರಾಜ್ಯದ ದೊರೆ ಯೀ ಎಂಬಾತನ ಸಮಾಧಿಯನ್ನು 1978ರಲ್ಲಿ ಅಗೆದಾಗ ಸಿಕ್ಕವು ಇವು. ಸುಮಾರು ಕ್ರಿ.ಪೂ. 433ರ ಕಾಲದವು.

ಒಂದೊಂದು ಗಂಟೆಯಲ್ಲೂ ಎರಡೆರಡು ಸ್ವರ. ನಡುವೆ ಹೊಡೆದರೆ ಒಂದು, ಪಕ್ಕಕ್ಕೆ ಹೊಡೆದರೆ ಇನ್ನೊಂದು. ನಮ್ಮ ದೇವಸ್ಥಾನದ ದುಂಡು ಗಂಟೆಯ ನಾದ ಬಹಳ ಹೊತ್ತು ಗುಂಯ್‌ಗುಡುತ್ತದೆ, ಅಲ್ವಾ? ಇವುಗಳ ಬಾಯಿ ಬಾದಾಮಿ ಆಕಾರದ್ದು. ನಾದ ಬೇಗ ಇಳಿಯುತ್ತದೆ. ಆದ್ದರಿಂದಲೇ ಇವುಗಳಲ್ಲಿ ಒಂದು ಹಾಡನ್ನೇ ನುಡಿಸಬಹುದು. ಎಲ್ಲಿ ಯಾವ ಸ್ವರ, ಪಕ್ಕದ ರಾಜ್ಯದಲ್ಲಿ ಅದಕ್ಕೆ ಏನು ಹೆಸರು ಅಂತ ಗಂಟೆಗಳ ಮೇಲೇ ಬರೆದಿದ್ದಾರೆ.

ಇಷ್ಟೆಲ್ಲ ಸುಮ್ನೆ ಕೇಳಿ ಖುಷಿಪಡಲು ಮಾಡಿದ್ದಲ್ಲ. ಆ ಕಾಲದಲ್ಲಿ ಸಂಗೀತ ರಾಜ್ಯಭಾರದ ಭಾಗ. ಚಕ್ರವರ್ತಿಯ ಸಭೆಯಲ್ಲಿ ನಾಲ್ಕೂ ಕಡೆ ವಾದ್ಯ ತೂಗುಹಾಕಬಹುದು, ಸಾಮಂತ ದೊರೆಗೆ ಮೂರು ಕಡೆ, ಮಂತ್ರಿಗೆ ಎರಡು. ಯೀ ದೊರೆಯ ಸಮಾಧಿಯಲ್ಲೂ ಹಾಗೇ ಇತ್ತು. ಎರಡು ಕಡೆ ಗಂಟೆಗಳು, ಮೂರನೆಯ ಕಡೆ ಕಲ್ಲಿನ ವಾದ್ಯ. ಸತ್ತ ಮೇಲೂ ಅಂತಸ್ತಿನ ಲೆಕ್ಕ ತಪ್ಪಲಿಲ್ಲ. ಲು ರಾಜ್ಯದ ಒಂದು ಮಂತ್ರಿ ಮನೆತನ ಚಕ್ರವರ್ತಿಗೆ ಮಾತ್ರ ಸಲ್ಲುವ ಎಂಟು ಸಾಲು ನರ್ತಕರನ್ನು ತನ್ನ ಅಂಗಳದಲ್ಲಿ ಕುಣಿಸಿದಾಗ ಕನ್ಫ್ಯೂಷಿಯಸ್ ಕೆರಳಿದ್ದು ಇದಕ್ಕೇ. ಸಂಗೀತ ಹದ ತಪ್ಪಿದರೆ ನಾಡೂ ಹದ ತಪ್ಪುತ್ತದೆ ಎಂಬ ನಂಬಿಕೆ ಅದು.

ಅದೇ ಸಮಾಧಿಯಲ್ಲಿ 21 ಹೆಣ್ಣುಮಕ್ಕಳ ಶವಪೆಟ್ಟಿಗೆಗಳೂ ಇದ್ದವು. ಅವರಲ್ಲಿ ಹಾಡುವವರು, ಕುಣಿಯುವವರು ಇದ್ದಿರಬೇಕು ಎನ್ನುತ್ತಾರೆ. ದೊರೆಯ ಜೊತೆ ಅವರನ್ನೂ ಹೂಳಿದ್ದಾರೆ. ಗಂಟೆಗಳ ಅಂದವನ್ನು ಹೊಗಳುವಾಗ ಇದನ್ನು ಬಿಟ್ಟು ಮಾತಾಡಲು ನನಗೆ ಮನಸ್ಸಾಗುವುದಿಲ್ಲ. ಹೆಚ್ಚುಕಡಿಮೆ ಅದೇ ಕಾಲದ ಚಿಂತಕ ಮೋತ್ಸಿ, ಹಸಿದವರಿಗೆ ಅನ್ನವಿಲ್ಲದಾಗ, ಚಳಿಗೆ ಬಟ್ಟೆಯಿಲ್ಲದಾಗ ದೊರೆಗಳು ಗಂಟೆ ಬಾರಿಸಿ ಏನು ಪ್ರಯೋಜನ ಎಂದು ವಾದಿಸಿದ. ನನಗಂತೂ ಅವನ ಮಾತು ನ್ಯಾಯವಾಗಿಯೇ ಕಾಣುತ್ತದೆ.

ಅಂತಸ್ತನ್ನು ದಾಟುವ ಸಂಗೀತದ ಕತೆಯೂ ಈ ಊರಿನಲ್ಲೇ ಇದೆ. ಬೋಯಾ ಎಂಬ ಅಧಿಕಾರಿ ಏಳು ತಂತಿಯ ಚಿನ್ ವಾದ್ಯ ನುಡಿಸುತ್ತಿದ್ದ. ಅವನು ಬೆಟ್ಟವನ್ನು ನೆನೆದು ನುಡಿಸಿದರೆ ಬೆಟ್ಟ, ಹೊಳೆಯನ್ನು ನೆನೆದರೆ ಹೊಳೆ ಎಂದು ಥಟ್ಟನೆ ಗುರುತಿಸಿದವನು ಝೊಂಗ್ ಝಿಚಿ ಎಂಬ ಸೌದೆ ಕಡಿಯುವವನು. ಅವನು ಸತ್ತಾಗ ಬೋಯಾ ವಾದ್ಯವನ್ನೇ ಒಡೆದು ಹಾಕಿದನಂತೆ. ಅವರ ನೆನಪಿನ ತಾಣ ವುಹಾನ್‌ನ ಹಾನ್‌ಯಾಂಗ್ ಭಾಗದಲ್ಲಿದೆ. ಇಲ್ಲಿಗೆ ಬಂದರೆ ಅದನ್ನೂ ನೋಡಿ. ಮ್ಯೂಸಿಯಂನಲ್ಲಿ ಹಳೆಯ ಗಂಟೆಗಳನ್ನು ಈಗ ಬಾರಿಸುವುದಿಲ್ಲ, ಆದರೆ ಅವನ್ನೇ ಹೋಲುವ ಹೊಸ ಗಂಟೆಗಳ ಕಛೇರಿ ನಡೆಯುತ್ತದೆ. ಅದನ್ನು ಕೇಳದೆ ಹೋಗಬೇಡಿ.