45 ಮಿಲಿಮೀಟರ್ ಥ್ರೆಡ್

ಬ್ಯಾಡಗಿಯಿಂದ ಅಕ್ಕ ಫೋನ್ ಮಾಡಿದ್ದಳು. "ತಮ್ಮಾ, ಬೆಲ್ಟ್ ಜಾರಾಕ ಹತ್ತೇತಿ. ಆ ಬೋಲ್ಟ್ ತಿರುಗವಲ್ದು." ಭಾವನ ಖಾರ ಕುಟ್ಟುವ ಮಷೀನಿನ ಮಾತು. ಮೋಟರನ್ನು ಸರಿಸಿ ಬೆಲ್ಟ್ ಬಿಗಿ ಮಾಡುವ ಬೋಲ್ಟ್ ಅದು. ಫ್ರೇಮಿಗೆ ಒಂದು ನಟ್ ವೆಲ್ಡ್ ಮಾಡಿ ಅದರೊಳಗೆ ಬೋಲ್ಟ್ ಹಾಕಿದ್ದರು. ನಟ್ಟಿನ ಎರಡೂ ಬಾಯಿ ತೆರೆದೇ ಇದ್ದವು. ಖಾರದ ಪುಡಿ, ಗ್ರೀಸು, ತುಕ್ಕು ಮೂರೂ ಸೇರಿ ಕಲ್ಲಾಗಿತ್ತು.

ಹೊಸದೇ ಮಾಡಿಕೊಡೋಣ ಅನ್ನಿಸಿತು. 40 ಮಿ.ಮೀ. ಚೌಕದ ಎಂ.ಎಸ್. (ಮಾಮೂಲಿ ಮೆದು ಉಕ್ಕು) ತುಂಡು, 75 ಉದ್ದ. ಅದರಲ್ಲಿ ಆ ಕಡೆ ಹೊರಬೀಳದ ಒಂದು ತೂತು, ಒಳಗೆ ಎಂ10 ಥ್ರೆಡ್, ಅಂದರೆ 10 ಮಿ.ಮೀ. ದಪ್ಪದ ಬೋಲ್ಟ್ ಕೂರುವ ತಿರುಪಿನ ಗೆರೆ. ಪುಡಿ ಹೋಗಲು ಒಂದೇ ಬಾಯಿ, ಅದಕ್ಕೂ ರಬ್ಬರ್ ತೊಡಿಸಬಹುದು.

ನಾನು ಅಮರಗೋಳದ ಎಪಿಎಂಸಿಯಲ್ಲಿ ಲೆಕ್ಕ ಬರೆಯುವವನು. ನವನಗರದ ಮನೆಯ ಹಿಂದೆ ತಗಡಿನ ಶೆಡ್ಡಿನಲ್ಲಿ ಒಂದು ಪಿಲ್ಲರ್ ಡ್ರಿಲ್, ಒಂದು ವೈಸ್ ಇಟ್ಟುಕೊಂಡಿದ್ದೇನೆ. ಸಂಜೆ ಅಲ್ಲಿ ಕೂತರೆ ನನಗೆ ದಿನ ತುಂಬಿದ ಹಾಗೆ. ಕೈಗೆ ಕೆಲಸ ಕಲಿಸಿದವರು ಪಕ್ಕದ ಮನೆ ಕಾಕಾ. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ರಿಟೈರ್ ಆದವರು.

ಕಾಕಾ ಮೊದಲು ಕೇಳಿದ್ದು, "ಅಷ್ಟು ಆಳ ಯಾಕ ಬೇಕು ನಿನಗ?" ಕೇಳಬೇಕಾದ ಪ್ರಶ್ನೆಯೇ. ಸುಮ್ನೆ ಎರಡು ತುಂಡು ಬಿಗಿಯಲು ಆದರೆ ಕಬ್ಬಿಣದಲ್ಲಿ ಬೋಲ್ಟಿನ ದಪ್ಪದ ಒಂದೂವರೆ ಪಟ್ಟು ಥ್ರೆಡ್ ಸಾಕು. ಎಂ10ಕ್ಕೆ 15 ಮಿ.ಮೀ. ಅಲ್ಯೂಮಿನಿಯಮ್ ಮೆತ್ತಗಿನದು, ಅಲ್ಲಿ ಎರಡು ಪಟ್ಟು. ಅದಕ್ಕೂ ಜಾಸ್ತಿ ಹಾಕಿದರೆ ಲಾಭ ಇಲ್ಲ, ಎಳೆತ ಹೆಚ್ಚಾದಾಗ ಥ್ರೆಡ್ ಕಿತ್ತು ಬರುವ ಮೊದಲೇ ಬೋಲ್ಟ್ ತುಂಡಾಗುತ್ತದೆ. ಆದರೆ ನನ್ನ ಬೋಲ್ಟ್ ನಿಂತಲ್ಲೇ ನಿಲ್ಲುವುದಲ್ಲ. ಬೆಲ್ಟ್ ಸವೆದಂತೆ 30 ಮಿ.ಮೀ. ಹೊರಗೆ ಬರಬೇಕು. ಪೂರ್ತಿ ಹೊರಬಂದಾಗಲೂ 15 ಒಳಗೆ ಉಳಿಯಬೇಕು. ಒಟ್ಟು 45. ಕಾಕಾ ತಲೆಯಾಡಿಸಿದರು. "ಹಂಗಾದ್ರ ತೂತು 60 ಹಾಕು. ಕೆಳಗ ಚೂರು ಬೀಳಾಕ ಜಾಗಾ ಬೇಕು, ಟ್ಯಾಪಿನ ಚೂಪು ಮೂತಿಗೂ ಜಾಗಾ ಬೇಕು." ಟ್ಯಾಪ್ ಅಂದರೆ ತೂತಿನೊಳಗೆ ಥ್ರೆಡ್ ಕೊರೆಯುವ ಗಟ್ಟಿ ಉಕ್ಕಿನ ಕಡ್ಡಿ.

ಡ್ರಿಲ್ ಮಾಡಿದ್ದು 8.5 ಮಿ.ಮೀ.ಯಲ್ಲಿ. ಎಂ10ರ ಪಿಚ್, ಅಂದರೆ ಒಂದು ಗೆರೆಯಿಂದ ಮುಂದಿನ ಗೆರೆಗೆ ಇರುವ ದೂರ, 1.5; ಹತ್ತರಿಂದ ಕಳೆದರೆ 8.5. ಸೆಂಟರ್ ಡ್ರಿಲ್ಲಿನಿಂದ ಮೊದಲು ಸಣ್ಣ ಕುಳಿ ಮಾಡಿ, ಡ್ರಿಲ್ ಮಷೀನಿನ ಬೆಲ್ಟನ್ನು ನಿಧಾನದ ಪುಲ್ಲಿಗೆ ಹಾಕಿ, ನಿಮಿಷಕ್ಕೆ ಸುಮಾರು 700 ಸುತ್ತಿನಲ್ಲಿ ಇಳಿಸಿದೆ. ಮೊದಲ 25 ಮಿ.ಮೀ. ಸಲೀಸು. ಆಮೇಲೆ ಚೂರಿನ ಸುರುಳಿ ಮೇಲೆ ಬರುವುದು ಕಡಿಮೆಯಾಗುತ್ತದೆ. ಐದೈದು ಮಿ.ಮೀ.ಗೆ ಡ್ರಿಲ್ ಪೂರ್ತಿ ಹೊರಗೆ ತೆಗೆದು, ಬ್ರಶ್ಶಿನಿಂದ ಒರೆಸಿ, ಎಣ್ಣೆ ಬಿಟ್ಟು ಮತ್ತೆ ಇಳಿಸಬೇಕು. ಅಲ್ಲಿಗೆ ಒಂದು ಸಂಜೆ ಮುಗಿಯಿತು.

ಮರುದಿನ ಟ್ಯಾಪ್. ಕೈ ಟ್ಯಾಪಿನ ಸೆಟ್ಟಿನಲ್ಲಿ ಮೂರು ಇರುತ್ತವೆ. ಫಸ್ಟ್ ಟ್ಯಾಪಿನ ಮೂತಿ ಉದ್ದಕ್ಕೆ ಇಳಿಜಾರು, ಸೆಕೆಂಡಿಗೆ ಕಡಿಮೆ, ಥರ್ಡ್ ತಳದವರೆಗೂ ಕೊರೆಯುತ್ತದೆ. ಕೊಳ್ಳುವಾಗ ಹಿಡಿಯ ದಪ್ಪ ವರ್ನಿಯರ್‌ನಲ್ಲಿ ನೋಡಿ. ನನ್ನದರ ಹಿಡಿ 7 ಮಿ.ಮೀ., ತೂತಿನೊಳಗೆ ಆರಾಮಾಗಿ ಇಳಿಯುತ್ತದೆ. ಹಿಡಿ ಥ್ರೆಡ್ಡಿನಷ್ಟೇ ದಪ್ಪ ಇದ್ದರೆ ಅರ್ಧದಲ್ಲೇ ತೂತಿನ ಬಾಯಿಗೆ ಸಿಕ್ಕಿ ನಿಲ್ಲುತ್ತದೆ.

ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹೀಗೆ 32 ಮಿ.ಮೀ.ವರೆಗೆ ಬಂದೆ. ಆಗ ಟ್ಯಾಪ್ ತಿರುಗಿಸುವ ಹ್ಯಾಂಡಲ್ ಕೈಗೆ ಬೇರೆ ತರ ತಾಗಿತು. ಒತ್ತಿದರೆ ಹೋಗುತ್ತಿತ್ತು, ಬಿಟ್ಟರೆ ಸ್ಪ್ರಿಂಗಿನ ಹಾಗೆ ವಾಪಸ್ ಬರುತ್ತಿತ್ತು. ಟ್ಯಾಪೇ ಹಿಂಡಿಕೊಳ್ಳುತ್ತಿತ್ತು, ಕೊರೆಯುತ್ತಿರಲಿಲ್ಲ. ಅಲ್ಲಿಗೆ ನಿಲ್ಲಿಸಬೇಕಿತ್ತು. ಇನ್ನೊಂದು ಕಾಲು ಸುತ್ತು ಅಂತ ಒತ್ತಿದೆ. ಟಿಕ್ ಅಂತ ಸಣ್ಣ ಸದ್ದು. ಅರ್ಧ ಟ್ಯಾಪ್ ಒಳಗೇ ಉಳಿಯಿತು.

ಆ ರಾತ್ರಿ ಊಟ ಸೇರಲಿಲ್ಲ. ಮುರಿದ ಟ್ಯಾಪ್ ಎಷ್ಟು ಗಟ್ಟಿ ಅಂದರೆ ಮಾಮೂಲಿ ಡ್ರಿಲ್ ಅದರ ಮೇಲೆ ಕಚ್ಚುವುದೇ ಇಲ್ಲ. ಅಲ್ಯೂಮಿನಿಯಮ್ ತುಂಡಾಗಿದ್ದರೆ ಪಟಿಕದ ನೀರು ಕಾಯಿಸಿ ಅದರಲ್ಲಿ ಇಟ್ಟು ಬಿಡಬಹುದಿತ್ತು, ಅದು ಅಲ್ಯೂಮಿನಿಯಮ್ಮಿನ ತಂಟೆಗೆ ಅಷ್ಟು ಹೋಗದೆ ಉಕ್ಕನ್ನು ನಿಧಾನಕ್ಕೆ ತಿನ್ನುತ್ತದೆ. ಉಕ್ಕಿನೊಳಗೆ ಉಕ್ಕು ಸಿಕ್ಕರೆ ಆ ದಾರಿ ಇಲ್ಲ. ಗೋಕುಲ ರಸ್ತೆಯ ಕಡೆ ಸ್ಪಾರ್ಕ್ ಮಷೀನಿನಲ್ಲಿ ಸುಟ್ಟು ತೆಗೆಸಬಹುದು. ಆದರೆ ಇಷ್ಟು ಸಣ್ಣ ತುಂಡಿಗೆ ಅದೆಲ್ಲ ಯಾಕೆ? ಹೊಸ ತುಂಡನ್ನೇ ಕತ್ತರಿಸಿದೆ.

ಕಾಕಾ ಮುರಿದದ್ದನ್ನು ಬೆಳಕಿಗೆ ಹಿಡಿದು ನೋಡಿದರು. ಟ್ಯಾಪಿನ ಗೀರುಗಳಲ್ಲಿ ಚೂರು ಕಿಕ್ಕಿರಿದಿತ್ತು. "ಹಿಂದಕ್ಕ ತಿರುಗಿಸಿದ್ರ ಚೂರು ಮುರೀತೈತಿ, ಹೊರಗ ಬರಂಗಿಲ್ಲ ತಮ್ಮಾ," ಅಂದರು. ಈ ಒಂದು ಮಾತು ನನಗೆ ಅಲ್ಲಿತನಕ ತಿಳಿದಿರಲಿಲ್ಲ. ಆಚೆ ಹೊರಬೀಳುವ ತೂತಿನಲ್ಲಿ ಸ್ವಲ್ಪವಾದರೂ ಕೆಳಗೆ ಉದುರುತ್ತದೆ. ಇಲ್ಲಿ ಎಲ್ಲಿಗೆ ಹೋಗಬೇಕು?

ಎರಡನೇ ಸಲ ಕಾಕಾ ಹೇಳಿದ ಹಾಗೆ 8.7 ಡ್ರಿಲ್ ಹಾಕಿದೆ. ಥ್ರೆಡ್ಡಿನ ಎತ್ತರ ಸ್ವಲ್ಪ ತಗ್ಗುತ್ತದೆ, ಆದರೆ ಆಳ ಇಷ್ಟು ಇರುವಾಗ ಅದು ಲೆಕ್ಕಕ್ಕಿಲ್ಲ. ಟ್ಯಾಪಿಗೆ ಆಗುವ ಹಗುರ ಮಾತ್ರ ಬಹಳ. ಕೊರೆದ ತುಂಡನ್ನು ಡ್ರಿಲ್ಲಿನ ಕೆಳಗಿಂದ ಕದಲಿಸಲಿಲ್ಲ. ಪ್ಲಗ್ ಕಿತ್ತು, ಡ್ರಿಲ್ ಹಿಡಿಯುವ ಚಕ್ಕಿಗೆ (ಚಕ್) ಟ್ಯಾಪ್ ಹಾಕಿ, ಮೊದಲ ನಾಲ್ಕು ಸುತ್ತು ಚಕ್ಕನ್ನು ಕೈಯಿಂದಲೇ ತಿರುಗಿಸಿದೆ. ಹಾಗೆ ಮಾಡಿದರೆ ಟ್ಯಾಪ್ ನೆಟ್ಟಗೆ ಇಳಿಯುತ್ತದೆ. ಆಳದ ತೂತಿನಲ್ಲಿ ಮೇಲೆ ಕೂದಲೆಳೆ ವಾರೆಯಾದರೂ ತಳಕ್ಕೆ ಬರುವಷ್ಟರಲ್ಲಿ ಒಂದು ಗೋಡೆಗೆ ಒತ್ತಿಕೊಳ್ಳುತ್ತದೆ.

ಆಮೇಲೆ ಹ್ಯಾಂಡಲ್. ಪ್ರತಿ 5 ಮಿ.ಮೀ.ಗೆ ಟ್ಯಾಪ್ ಪೂರ್ತಿ ಹೊರಗೆ. ತುಂಡನ್ನು ಬೋರಲು ಹಾಕಿ ಬಡಿದು, ಹಳೇ ಸೈಕಲ್ ಕಡ್ಡಿಯ ತುದಿ ಬಾಗಿಸಿಕೊಂಡು ಉಳಿದ ಚೂರು ಕೆದಕಿ ತೆಗೆಯುವುದು. ಗಾಳಿ ಊದಬೇಡಿ, ಚೂರು ಸೀದಾ ಕಣ್ಣಿಗೇ ಬರುತ್ತದೆ. ಕಟಿಂಗ್ ಆಯಿಲ್ ಮುಗಿದಿತ್ತು, ಅಡುಗೆ ಮನೆಯ ಕುಸುಬಿ ಎಣ್ಣೆ ಬಿಟ್ಟೆ. ಚೆನ್ನಾಗಿಯೇ ಕೊರೆಯಿತು. ಕೆಲಸ ಮುಗಿದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆಯಲೇಬೇಕು, ಇಲ್ಲವಾದರೆ ಆ ಎಣ್ಣೆ ಒಣಗಿ ಅಂಟಾಗುತ್ತದೆ. ಎರಕದ ಕಬ್ಬಿಣಕ್ಕಾದರೆ ಎಣ್ಣೆಯೇ ಬೇಡ, ಒಣಗಿದ್ದಲ್ಲೇ ಕೊರೆಯಬೇಕು.

ಫಸ್ಟ್ ಟ್ಯಾಪ್ ಒಂದಕ್ಕೇ ಎರಡು ತಾಸು ಹಿಡಿಯಿತು. ಸೆಕೆಂಡ್, ಥರ್ಡ್ ಬೇಗ ಮುಗಿದವು. ಬೋಲ್ಟ್ ಬಾಯಿಗೆ ಇಟ್ಟು ಎರಡು ಬೆರಳಿನಿಂದ ತಿರುಗಿಸಿದೆ. 45ರ ತನಕ ಎಲ್ಲೂ ಹಿಡಿಯಲಿಲ್ಲ. ಕಾಕಾನ ಕೈಗೆ ಕೊಟ್ಟೆ. ಅವರು ಎರಡು ಸಲ ಒಳಗೆ ಹೊರಗೆ ತಿರುಗಿಸಿ ನೋಡಿ, ಏನೂ ಹೇಳದೆ ನಕ್ಕರು. ನನಗೆ ಅಷ್ಟು ಸಂತೋಷವಾಗಿದ್ದು ಇತ್ತೀಚೆಗೆ ನೆನಪಿಲ್ಲ.

ಭಾನುವಾರ ಬ್ಯಾಡಗಿಗೆ ಹೋಗಿ ಕೂರಿಸಿ ಬಂದೆ. ಗ್ರೀಸ್ ತುಂಬಿ, ಬಾಯಿಗೆ ಸೈಕಲ್ ಟ್ಯೂಬಿನ ತುಂಡು ತೊಡಿಸಿದ್ದೇನೆ. ಮೊನ್ನೆ ಅಳಿಯನೇ 17 ನಂಬರ್ ಪಾನಾ ಹಾಕಿ ಬೆಲ್ಟ್ ಬಿಗಿ ಮಾಡಿದನಂತೆ, ಅಕ್ಕ ಹೇಳಿದಳು.