ಅಷ್ಟೂರಿನ ಉರುಸಿಗೆ ಯಾವ ಪಂಚಾಂಗ?

ಬೀದರದ ಅಷ್ಟೂರಿನಲ್ಲಿ ನಡೆಯುವ ಬಹಮನಿ ಸುಲ್ತಾನ ಅಹ್ಮದ್ ಶಾಹನ ಉರುಸು ನೋಡಲು ಹೊರಡುವವರು ಹಿಜರಿ ತಿಂಗಳು ಲೆಕ್ಕ ಹಾಕಿದರೆ ಖಾಲಿ ಮೈದಾನ ನೋಡಿ ಮರಳಬೇಕಾದೀತು. ಇಲ್ಲಿ ಉರುಸಿನ ದಿನ ನಿಶ್ಚಯವಾಗುವುದು ಹಿಂದೂ ಪಂಚಾಂಗದ ಪ್ರಕಾರ, ಹೋಳಿಯ ಆಸುಪಾಸಿಗೆ. ತಿಥಿ ವರ್ಷವರ್ಷವೂ ಹಿಂದೆಮುಂದೆ ಆಗುವುದರಿಂದ ಬೀದರದಲ್ಲಿ ಯಾರನ್ನಾದರೂ ಕೇಳಿಕೊಂಡೇ ಟಿಕೆಟ್ ಮಾಡಿಸುವುದು ಕ್ಷೇಮ.

ಬೀದರದಿಂದ ಪೂರ್ವಕ್ಕೆ ಮೂರ್ನಾಲ್ಕು ಕಿಲೋಮೀಟರ್, ಆಟೋ ಸಾಕು. ದಾರಿಯಲ್ಲೇ ಎಂಟು ಮೂಲೆಯ ಚೌಖಂಡಿ ಸಿಗುತ್ತದೆ. ಇರಾನಿನ ಕಿರ್ಮಾನಿನ ಸೂಫಿ ಶಾಹ ನಿಯಮತುಲ್ಲಾರ ಮಗ ಖಲೀಲುಲ್ಲಾರ ಸಮಾಧಿ ಅದು. ಮುಂದೆ ಹೋದರೆ ಬಹಮನಿ ಸುಲ್ತಾನರ ಗುಮ್ಮಟಗಳ ಸಾಲು. ಅವರಲ್ಲೊಬ್ಬನಾದ ಹುಮಾಯೂನನ ಗುಮ್ಮಟ ಸಿಡಿಲಿಗೆ ಸೀಳಿ ಅರ್ಧ ಉಳಿದಿದೆ. ಎಲ್ಲರೂ ಫೋಟೋ ತೆಗೆಯುವುದು ಅದರದ್ದೇ. ಆದರೆ ನಿಂತು ನೋಡಬೇಕಾದದ್ದು 1422ರಿಂದ 1436ರವರೆಗೆ ಆಳಿದ ಅಹ್ಮದ್ ಶಾಹನ ಗೋರಿ.

ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದವನು ಇವನೇ. ಬರಗಾಲದಲ್ಲಿ ಇವನು ಪ್ರಾರ್ಥಿಸಿದ ಮೇಲೆ ಮಳೆ ಬಂತೆಂದು ಜನ 'ವಲಿ', ಅಂದರೆ ಸಂತ, ಅಂದರು. ಲಿಂಗಾಯತ ಭಕ್ತರಿಗೆ ಇವನು ಅಲ್ಲಮಪ್ರಭುವಿನ ಅವತಾರ. ಅಲ್ಲಮ ಹನ್ನೆರಡನೆಯ ಶತಮಾನದವನು, ನಡುವೆ ಮುನ್ನೂರು ವರ್ಷದ ಅಂತರವಿದೆ. ಅಷ್ಟೇ ಅಲ್ಲ, ಈ ಸುಲ್ತಾನ ವಿಜಯನಗರ, ವಾರಂಗಲ್ಲುಗಳ ಮೇಲೆ ದಂಡೆತ್ತಿದವನು. ಸಂತನೆಂದ ಮಾತ್ರಕ್ಕೆ ಆ ಪುಟ ಅಳಿಸಿಹೋಗದು. ಭಕ್ತಿ ಮಾತ್ರ ಈ ಲೆಕ್ಕಕ್ಕೆ ಕಾಯಲಿಲ್ಲ.

ಉರುಸಿಗೆ ಮುಖ್ಯಸ್ಥರಾಗಿ ಬರುವವರು ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು. ಪರಿವಾರದೊಂದಿಗೆ ಬಂದು ಗೋರಿಯ ಮುಂದೆ ಶಂಖ ಊದಿ, ತೆಂಗಿನಕಾಯಿ ಒಡೆದು, ಹೂವು ಏರಿಸುತ್ತಾರೆ. ಅದೇ ಗೋರಿಯ ಮೇಲೆ ಮುಸ್ಲಿಮರು ಚಾದರ ಹೊದಿಸಿ ಫಾತಿಹಾ ಓದುತ್ತಾರೆ. ಇದನ್ನು 'ಸೌಹಾರ್ದದ ಕಾರ್ಯಕ್ರಮ' ಎಂದು ಕರೆದರೆ ತಪ್ಪಾಗುತ್ತದೆ. ಇಲ್ಲಿ ಯಾರೂ ಇನ್ನೊಬ್ಬರನ್ನು ಒಪ್ಪಿಸಲು ಕೂತಿಲ್ಲ. ಅವರವರ ಹರಕೆ ಅವರವರಿಗೆ. ಹೊರಗಿನಿಂದ ಬಂದವರು ಸಾಮಾನ್ಯವಾಗಿ ಎಡವುವುದು, 'ನಿಜವಾಗಿ ಇವರು ಯಾರು, ಸುಲ್ತಾನನೋ ಶರಣನೋ?' ಎಂದು ಕೇಳಿದಾಗ. 'ನೀವು ಏನಂತ ಹರಕೆ ಹೊರ್ತೀರಿ?' ಎಂದು ಕೇಳಿ ನೋಡಿ, ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಚಪ್ಪಲಿ ಹೊರಗೆ, ತಲೆಗೆ ಬಟ್ಟೆ. ಒಳಗೆ ಕತ್ತಲು, ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಕೊಡಿ. ಬಾಗಿಲಿನ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಗುಮ್ಮಟದ ಒಳಮೈಯ ಚಿತ್ರಗಳ ಮೇಲೆ ಬಿಟ್ಟರೆ ಸಿಂಧೂರ, ನೀಲಿ, ಚಿನ್ನದ ಬಣ್ಣ ಎದ್ದು ಕಾಣುತ್ತದೆ. ಫ್ಲ್ಯಾಶ್ ಬೇಡ, ಬಣ್ಣಕ್ಕೆ ಒಳ್ಳೆಯದಲ್ಲ. ಗೋಡೆಯಲ್ಲಿ ನಿಯಮತುಲ್ಲಾರ ಸೂಫಿ ಗುರುಪರಂಪರೆ ಬರೆದಿದೆ. ಹೂವು ಹಿಡಿದು ಬಂದವರಲ್ಲಿ ಬಹುತೇಕರಿಗೆ ಆ ಲಿಪಿ ಓದಲು ಬಾರದು.

ಮಧ್ಯಾಹ್ನದ ಊಟಕ್ಕೆ ಗುರುದ್ವಾರ ನಾನಕ್ ಝೀರಾದ ಲಂಗರ್‌ಗೆ ಹೋಗಬಹುದು. ಗುರು ನಾನಕರು ಪಾದ ಇಟ್ಟಲ್ಲಿ ಸಿಹಿನೀರಿನ ಊಟೆ ಚಿಮ್ಮಿತೆಂಬುದು ಅಲ್ಲಿಯ ನಂಬಿಕೆ. ನೆಲದ ಲೆಕ್ಕದಲ್ಲಿ ಹೇಳುವುದಾದರೆ, ಬೀದರದ ಜಂಬಿಟ್ಟಿಗೆ ಕಲ್ಲು ಮಳೆನೀರು ಹೀರಿ ಬುಡದಲ್ಲಿ ಜಿನುಗಿಸುವ ಜಾತಿಯದು. 1699ರಲ್ಲಿ ಗುರು ಗೋವಿಂದ ಸಿಂಗರು ಮೊದಲು ಖಾಲ್ಸಾ ದೀಕ್ಷೆ ಕೊಟ್ಟ ಐವರು, ಅಂದರೆ ಪಂಜ್ ಪ್ಯಾರೆಗಳಲ್ಲಿ ಒಬ್ಬರಾದ ಸಾಹಿಬ್ ಸಿಂಗ್ ಇದೇ ಊರಿನವರು. ಇಲ್ಲೂ ತಲೆಗೆ ಬಟ್ಟೆ ಬೇಕು. ಅಷ್ಟೂರಿನಲ್ಲಿ ಕಟ್ಟಿಕೊಂಡ ಕರವಸ್ತ್ರವೇ ನಡೆಯುತ್ತದೆ.