ಜಿಲ್ಲಾ ಪಂಚಾಯಿತಿಯ ಯೋಜನೆಯಿಂದ ಜಿಲ್ಲೆಯ ಆದಾಯ ಹೆಚ್ಚುತ್ತದೆಯೇ?

ಜಿಲ್ಲಾ ಯೋಜನೆಗಳ ಬಗ್ಗೆ ಬರೆಯುವವನೆಂದು ತಿಳಿದ ಕೂಡಲೇ ಬಹಳ ಮಂದಿ ನನ್ನನ್ನು ಕೇಳುವುದು ಇದೊಂದೇ ಪ್ರಶ್ನೆ: ಜಿಲ್ಲಾ ಪಂಚಾಯಿತಿ ಸಿದ್ಧಪಡಿಸುವ ಅಭಿವೃದ್ಧಿ ಯೋಜನೆಯಿಂದ ಜನರ ಆದಾಯ ನಿಜವಾಗಿ ಹೆಚ್ಚುತ್ತದೆಯೇ, ಅಥವಾ ಅದು ಕಡತ ಸೇರುವ ಕಾಗದವೇ? ಹೆಚ್ಚಬಹುದು ಎಂದೇ ನನ್ನ ಉತ್ತರ. ಆದರೆ ಮೊದಲ ಪುಟದಲ್ಲೇ ದೊಡ್ಡ ಕಾರ್ಖಾನೆಯ ಕನಸು ಕಾಣುವ ಯೋಜನೆಯಿಂದ ಅದು ಆಗುವ ಕೆಲಸವಲ್ಲ.

ಕೈಗಾರಿಕೆಗೆ ಭೂಮಿ ಒದಗಿಸುವುದು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ. ತೆರಿಗೆ ರಿಯಾಯಿತಿ ನಿರ್ಧರಿಸುವುದು ರಾಜ್ಯ ಸರ್ಕಾರ. ಜಿಲ್ಲಾ ಪಂಚಾಯಿತಿಗೆ ಬರುವ ಅನುದಾನವಾದರೋ ರಾಜ್ಯ ಬಜೆಟ್ಟಿನ ಜೊತೆ ಬರುವ ‘ಲಿಂಕ್ ಡಾಕ್ಯುಮೆಂಟ್’ ಎಂಬ ಪುಸ್ತಕದಲ್ಲಿ ಯಾವ ಬಾಬ್ತಿಗೆ ಎಷ್ಟು ಎಂದು ಹಂಚಿಕೆಯಾಗಿಯೇ ಬರುತ್ತದೆ, ಅದರ ದೊಡ್ಡ ಪಾಲು ಸಂಬಳಕ್ಕೇ ಹೋಗುತ್ತದೆ. ತನ್ನ ಕೈಯಲ್ಲಿಲ್ಲದ್ದನ್ನು ಬರೆದುಕೊಂಡ ಯೋಜನೆ ಅರ್ಜಿಯಷ್ಟೇ ಆಗುತ್ತದೆ.

ಕೈಯಲ್ಲಿರುವುದು ಯಾವುದು ಎಂಬುದಕ್ಕೆ ಕಲಬುರಗಿಯ ತೊಗರಿಯನ್ನೇ ನೋಡಬಹುದು. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ (ಇಂಥ ಪ್ರದೇಶದ್ದೇ ಬೆಳೆ ಎಂಬ ಗುರುತಿನ) ಮಾನ್ಯತೆ ದೊರೆಯಿತು. ಆದರೆ ಹೆಸರಿಲ್ಲದ ಚೀಲದಲ್ಲಿ ತುಂಬಿ ಲಾರಿ ಹತ್ತಿಸಿದ ತೊಗರಿಗೆ ಆ ಮಾನ್ಯತೆಯಿಂದ ಬರುವ ಲಾಭವೇನೂ ಇಲ್ಲ. ದಾಲ್ ಮಿಲ್ಲಿನಲ್ಲಿ ಕಾಳಿನ ಸಿಪ್ಪೆಯನ್ನು ತುಸು ಕೆರೆದು, ಎಣ್ಣೆ ಹಚ್ಚಿ, ಅಂಗಳದಲ್ಲಿ ಒಣಗಿಸಿ, ಆಮೇಲೆ ಒಡೆಯುತ್ತಾರೆ. ಕ್ವಿಂಟಲ್ ಕಾಳಿಗೆ ಸುಮಾರು 70ರಿಂದ 75 ಕಿಲೋ ಬೇಳೆ ಸಿಗುತ್ತದೆ, ಹೊಟ್ಟು ಮತ್ತು ನುಚ್ಚು ದನದ ಮೇವಿಗೆ ಹೋಗುತ್ತವೆ. ಈ ಕೆಲಸ ಹೊರಗೆಲ್ಲೋ ನಡೆದರೆ ಒಣಗಿಸುವವರ ಕೂಲಿ, ಮಿಲ್ಲಿನ ಲಾಭ, ಕೊನೆಗೆ ಮೇವು ಕೂಡ ಜಿಲ್ಲೆಯ ಗಡಿ ದಾಟಿ ಹೋಗುತ್ತವೆ. ರೈತ ಡಿಸೆಂಬರ್–ಜನವರಿಯಲ್ಲಿ ರಾಶಿ ಮಾಡಿದ ಕಾಳನ್ನು ಅವಸರದಲ್ಲಿ ಮಾರುವುದಕ್ಕೆ ಕಾರಣಗಳು ಬಹುಮಟ್ಟಿಗೆ ಎರಡು: ಅಡತಿ ಅಂಗಡಿಯ ಸಾಲ, ಇಟ್ಟುಕೊಳ್ಳಲು ಜಾಗವಿಲ್ಲದಿರುವುದು. ಒಂದು ಹೋಬಳಿಗೆ ಒಂದು ಗೋದಾಮು, ಗಟ್ಟಿ ನೆಲದ ಒಕ್ಕಣೆ ಕಣ, ಅಲ್ಲಿಗೆ ಮಳೆಗಾಲದಲ್ಲೂ ಗಾಡಿ ಹೋಗುವ ರಸ್ತೆ, ಅಲ್ಲಿಟ್ಟ ಕಾಳಿಗೆ ಸಿಗುವ ಉಗ್ರಾಣ ರಸೀದಿಯ ಮೇಲೆ ಸಾಲ ಕೊಡುವಂತೆ ಸಹಕಾರ ಸಂಘದೊಡನೆ ಮಾತುಕತೆ: ಇವು ಪಂಚಾಯಿತಿಯ ಅಳವಿಗೆ ಮೀರಿದವಲ್ಲ. ಉದ್ಘಾಟನೆಗೆ ಯಾರೂ ಮುಗಿಬೀಳದ ಕೆಲಸಗಳು ಎಂಬುದಷ್ಟೇ ಇವುಗಳ ದೋಷ.

ಕಾನೂನಿನ ಕೊರತೆಯೂ ಇಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯು ಪಂಚಾಯಿತಿಗಳ ಹೊಣೆಯಲ್ಲಿ ಆರ್ಥಿಕ ಅಭಿವೃದ್ಧಿಯ ಯೋಜನೆಯನ್ನು ಸ್ಪಷ್ಟವಾಗಿ ಸೇರಿಸಿದೆ. ಹಳ್ಳಿ ಮತ್ತು ಪಟ್ಟಣಗಳ ಯೋಜನೆಗಳನ್ನು ಒಟ್ಟುಗೂಡಿಸಲು 243ಝಡ್‌ಡಿ ವಿಧಿಯು ಜಿಲ್ಲಾ ಯೋಜನಾ ಸಮಿತಿಯನ್ನು ರಚಿಸಬೇಕೆನ್ನುತ್ತದೆ. ಆ ಸಮಿತಿಯ ಕನಿಷ್ಠ ಐದನೇ ನಾಲ್ಕು ಭಾಗದಷ್ಟು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರಸಭೆ, ಪುರಸಭೆಗಳ ಚುನಾಯಿತ ಸದಸ್ಯರೊಳಗಿಂದಲೇ ಆಯ್ಕೆಯಾಗಬೇಕು. ಆದರೆ ಕರ್ನಾಟಕದಲ್ಲಿ 2016ರಲ್ಲಿ ಗೆದ್ದ ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆಡಳಿತಾಧಿಕಾರಿಗಳ ಕೈಯಲ್ಲೇ ಎಲ್ಲವೂ ಸಾಗಿತು. ಅಧಿಕಾರಿಗಳು ಅಸಮರ್ಥರೆಂದು ನಾನು ಹೇಳುತ್ತಿಲ್ಲ. ತಾಲ್ಲೂಕಿನಲ್ಲಿ ಎಷ್ಟು ಗೋದಾಮುಗಳಿವೆ ಎಂಬ ಲೆಕ್ಕ ಅವರ ಬಳಿ ಇರುತ್ತದೆ. ಅವುಗಳಲ್ಲಿ ಯಾವುದರ ಸೂರು ಸೋರುತ್ತದೆ, ಯಾವುದರ ಬೀಗದ ಕೈ ಯಾರ ಮನೆಯಲ್ಲಿದೆ ಎಂಬುದು ಆ ಕ್ಷೇತ್ರದ ಸದಸ್ಯನಿಗೆ ಗೊತ್ತಿರುತ್ತದೆ.